ಸೋರಿದ ಮರ

ತೆಂಗಿನ ಮರದ ಸುಳಿ ಹತ್ತಿರ ನಿಂತು ನೋಡಿದರೆ ಹೊಸದುರ್ಗದ ಕಡೆಯ ಭೂಮಿ ಅಷ್ಟೇನೂ ಕೆಟ್ಟದಾಗಿ ಕಾಣೋದಿಲ್ಲ. ಕೆಳಗೆ ನಿಂತವರಿಗೆ ಬರೀ ಧೂಳು, ಜಾಲಿ, ನೀರು ಕಾಣದ ಬೋರಿನ ಪೈಪು. ಮೇಲಕ್ಕೆ ಹೋದರೆ ಅದೇ ಭೂಮಿ ತುಂಬ ಹಸಿರು ತಲೆಗಳು, ಗುಡ್ಡದ ಮೇಲೆ ಸಾಲಾಗಿ ತಿರುಗೋ ಗಾಳಿ ಕರೆಂಟಿನ ಫ್ಯಾನುಗಳು, ದೂರದಲ್ಲೆಲ್ಲೋ ಅಪ್ಪನ ಕುರಿಮಂದೆ ಎಬ್ಬಿಸಿದ ಕೆಂಧೂಳು. ಜಯಶೀಲ ಹಾಗಂತ ಹೇಳುತ್ತಿದ್ದಳು. ನಂಬಲೇಬೇಕು, ಯಾಕಂದರೆ ಆ ಸುತ್ತಿನ ಹಳ್ಳಿಗಳಲ್ಲಿ ಅಲ್ಲಿತನಕ ಹತ್ತಿ ನೋಡಿದ ಹೆಂಗಸು ಅವಳೊಬ್ಬಳೇ. ಹೆಂಗಸು ಅಂದರೇನು, ಇಪ್ಪತ್ತು ತುಂಬದ ಹುಡುಗಿ.

ಮರ ಹತ್ತೋದನ್ನ ಅವಳಿಗೆ ಕಲಿಸಿದ್ದು ಹಿರಿಯೂರಿನ ಒಂದು ತರಬೇತಿ ಕೇಂದ್ರ. ನಮ್ಮ ಕಡೆ ಮರ ಹತ್ತೋ ಗಂಡಸರು ಮುಗಿದೇ ಹೋಗಿದ್ದರು. ಹಳಬ ಕಾಟಯ್ಯ ಬಿದ್ದು ಸೊಂಟ ಮುರಕೊಂಡ. ಅವನ ಮಕ್ಕಳು ಮರದ ಕಡೆ ತಲೆ ಎತ್ತಿಯೂ ನೋಡದೆ ಲಾರಿ ಹತ್ತಿದರು. ತೋಟದವರಿಗೆ ಉಳಿದದ್ದು ಎರಡೇ ದಾರಿ: ಕಾಯಿ ತಾನಾಗಿ ಉದುರೋ ತನಕ ಕಾಯೋದು, ಇಲ್ಲ ಉದ್ದನೆ ದೋಟಿ ಹಿಡಿದು ಆಕಾಶ ಕೆರೆಯೋದು. ಇಂಥಾ ಹೊತ್ತಲ್ಲಿ ಕೇಂದ್ರದ ನಾಗಭೂಷಣ ಸರ್ ಜೀಪಲ್ಲಿ ಗೊಲ್ಲರಹಟ್ಟಿಗೆ ಬಂದಿಳಿದರು. ಇಸ್ತ್ರಿ ಮುರಿಯದ ಅಂಗಿ, ಜೇಬಲ್ಲಿ ಎರಡು ಪೆನ್ನು. ಓದು ನಿಂತುಹೋದ ಹೆಣ್ಣುಮಕ್ಕಳಿಗೆ ಊಟ, ವಸತಿ, ಕೊನೆಗೆ ಮರ ಹತ್ತೋ ಮಿಷನ್ನು, ಎಲ್ಲಾ ಬಿಟ್ಟಿ ಅಂದರು.

"ಹೆಣ್ಣುಮಕ್ಕಳು ಮರ ಹತ್ತಾದಾ ಸಾ?" ಅಂತ ಜಯಶೀಲಳ ಅಪ್ಪ ಚಿಕ್ಕತಿಮ್ಮಪ್ಪ ಬಾಯಿ ಬಿಟ್ಟ.

"ಹತ್ತೋದೇನು ಬಂತು ಯಜಮಾನ್ರೇ? ಸೈಕಲ್ ತುಳಿದಂಗೆ ತುಳಿಯೋದು ಅಷ್ಟೇ. ಮರ ತಾನೇ ಕೆಳಗೆ ಹೋಗುತ್ತೆ."

ಹಟ್ಟಿಯವರೆಲ್ಲ ನಕ್ಕರು. ಜಯಶೀಲ ಮಾತ್ರ ನಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಅವ್ವನ ಕತ್ತು. ಅವ್ವ ನಿಂಗಕ್ಕ ಮದುವೆಯಾಗಿ ಬಂದ ವರ್ಷದಿಂದ ಓಬಳೇಶಪ್ಪನ ತೋಟದಲ್ಲಿ ಬಿದ್ದ ಕಾಯಿ ಆಯ್ದು, ಪುಟ್ಟಿ ತುಂಬಿ, ತಲೆ ಮೇಲೆ ಹೊತ್ತು ಅಟ್ಟದ ಮನೆಗೆ ಸುರಿಯುತ್ತಿದ್ದಳು. ಈಗೀಗ ಯಾರಾದರೂ ಪಕ್ಕದಿಂದ ಕೂಗಿದರೆ ಕತ್ತು ಹೊರಳುತ್ತಿರಲಿಲ್ಲ, ಎತ್ತಿನ ಗಾಡಿ ತಿರುಗಿದ ಹಾಗೆ ಇಡೀ ಮೈ ತಿರುಗಬೇಕಿತ್ತು. ಹಿರಿಯೂರಿನ ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಮೋನಿಕಾ ಕೇಳಿದಾಗ ಜಯಶೀಲ ಹೇಳಿದ್ದು ಅದನ್ನೇ. "ನಾನು ಮರ ಹತ್ತಿದ್ರೆ ನಮ್ಮವ್ವ ಪುಟ್ಟಿ ಇಳಿಸ್ತಾಳೆ. ಇನ್ನೇನಿಲ್ಲ ಕಣೇ."

ಐಮಂಗಲದ ಮೋನಿಕಾ ಗಟ್ಟಿಗಿತ್ತಿ. ಮೊದಲ ದಿನವೇ ಅರ್ಧ ಮರ ಹತ್ತಿ, ಅಲ್ಲಿಂದಲೇ ಮೊಬೈಲಲ್ಲಿ ತನ್ನ ವಿಡಿಯೋ ತಾನೇ ತೆಗೆದು ಬೈಸಿಕೊಂಡಿದ್ದಳು. ಜಯಶೀಲ ಮೊದಲ ದಿನ ಆಳುದ್ದ ಹತ್ತಿ ಕಣ್ಣು ಮುಚ್ಚಿ ಮರ ತಬ್ಬಿಕೊಂಡು ನಿಂತುಬಿಟ್ಟಿದ್ದಳು. ಆದರೆ ಬಿಡಲಿಲ್ಲ. ಮಿಷನ್ನು ಅಂದರೆ ಎರಡು ಕಬ್ಬಿಣದ ಚೌಕಟ್ಟು, ಒಂದೊಂದಕ್ಕೂ ಮರ ಸುತ್ತಿ ಬಿಗಿಯೋ ವೈರು, ಕಾಲಿಡೋಕೆ ಪಟ್ಟಿ. ಒಂದು ಕಾಲು ಊರಿದರೆ ಆ ಕಡೆ ಬಿಗಿ, ಇನ್ನೊಂದು ಎತ್ತಿದರೆ ಈ ಕಡೆ ಸಡಿಲ. ತಾಳ ಸಿಕ್ಕಿದ ಮೇಲೆ ಅವಳ ಭಯ ಹೋಯಿತು. ಯಾವ ಗೊನೆ ಬಲಿತಿದೆ, ಮರಕ್ಕೆ ಯಾವ ಯಾವ ರೋಗ ಬರುತ್ತೆ, ಏನು ಬಳಿಯಬೇಕು, ಎಲ್ಲಾ ಕಲಿತಳು. ಕೊನೆ ದಿನ ಹೆಲ್ಮೆಟ್ಟು ಹಾಕಿ ಫೋಟೋ ತೆಗೆದರು. ವೇದಿಕೆ ಮೇಲೆ ಕೂತವರು ಹೆಣ್ಣು ಇನ್ನು ಮೇಲೆ ಮೇಲಕ್ಕೇ ಹೋಗುತ್ತಾಳೆ ಅಂತ ಭಾಷಣ ಮಾಡಿ, ಕೇಸರಿಬಾತ್ ತಿಂದು, ಕೆಳಗಿಳಿದು ಕಾರು ಹತ್ತಿದರು.

ಮಿಷನ್ನು ಹೊತ್ತುಕೊಂಡು ಬಸ್ಸಲ್ಲಿ ಊರಿಗೆ ಬಂದಳು. ಆಮೇಲೆ? ಆಮೇಲೆ ಏನೂ ಇಲ್ಲ. ತಿಂಗಳುಗಟ್ಟಲೆ ಒಬ್ಬನೂ ಕರೆಯಲಿಲ್ಲ. ನಿಂಗಕ್ಕ ಮಗಳನ್ನ ಕರಕೊಂಡು ತೋಟದಿಂದ ತೋಟಕ್ಕೆ ಅಲೆದಳು. ಒಬ್ಬ, "ಹೆಣ್ಣುಮಗಳು ಮ್ಯಾಲೆ, ನಾವು ಕೆಳಗೆ, ಏನವ್ವ ಚೆನ್ನಾಗಿರ್ತದಾ?" ಅಂದ. ಇನ್ನೊಬ್ಬ, "ಬಿದ್ರೆ ಪೊಲೀಸ್ನೋರಿಗೆ ಉತ್ತರ ಹೇಳೋನು ನಾನಾ?" ಅಂದ. ಮತ್ತೊಬ್ಬ ಹಲ್ಲು ಕಿರಿದು, "ಬರ್ಲಿ ಬರ್ಲಿ, ನಾಳೆ ನಾನೊಬ್ನೇ ಇರ್ತೀನಿ" ಅಂದ. ಅವನ ಕಣ್ಣು ನೋಡಿ ನಿಂಗಕ್ಕ ಮಗಳ ರಟ್ಟೆ ಹಿಡಿದು ಎಳಕೊಂಡು ಬಂದಳು, ದಾರಿಯುದ್ದಕ್ಕೂ ಅವನ ವಂಶಾನೆಲ್ಲ ಉಗಿದಳು. ಮಿಷನ್ನು ಗೋಡೆಗೆ ನೇತಾಡಿತು. ಅತ್ತ ನಾಗಭೂಷಣ ಸರ್ ವಾಟ್ಸಾಪಿನಲ್ಲಿ, ಕೆಲಸ ಮಾಡೋ ಫೋಟೋ ಹಾಕದೆ ಇದ್ದವರ ಮಿಷನ್ನು ವಾಪಸ್ ತಗೊಂಡು ಮುಂದಿನ ತಂಡಕ್ಕೆ ಕೊಡ್ತೀವಿ ಅಂತ ಹಾಕಿದರು. ಕೆಳಗೆ ಕೈಮುಗಿಯೋ ಚಿತ್ರ ಬೇರೆ.

ಕಡೆಗೆ ಕರೆದದ್ದು ಓಬಳೇಶಪ್ಪನೇ. ಅವನ ತೋಟದ ಕಾಯಿ ಮೇಲೇ ಒಣಗುತ್ತಿತ್ತು, ಹತ್ತೋ ಗಂಡಾಳು ಯಾರೂ ಸಿಕ್ಕಿರಲಿಲ್ಲ. ಅವನ ಹೆಂಡತಿ ಉಚ್ಚಂಗಮ್ಮ, "ನಿಂಗಕ್ಕನ ಮಗಳು ಅಂದ್ರೆ ಮನೆ ಹುಡುಗಿ ಇದ್ದಂಗೆ, ಒಂದು ಕೈ ನೋಡಾಣ" ಅಂತ ಗಂಡನನ್ನ ಒಪ್ಪಿಸಿದಳು. ಆದರೆ ನಿಂಗಕ್ಕನ ಕಿವಿಯಲ್ಲಿ ಒಂದು ಮಾತು ಹಾಕಿದ್ದಳು. "ನೋಡೇ, ಹೊರಗಾದ ದಿನ ಮಾತ್ರ ಬರಬಾರ್ದು. ಕಲ್ಪವೃಕ್ಷ ಅದು."

ಜಯಶೀಲ ಹತ್ತಿದಳು. ಏನು ಹತ್ತಿದಳು ಅಂತೀರಿ! ಓಬಳೇಶಪ್ಪ ಮೇಲಕ್ಕೆ ನೋಡಿ ನೋಡಿ ಹೆಗಲ ಮೇಲಿನ ಟವೆಲ್ಲು ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ. ಗೊನೆ ಕಡಿಯೋ ಮುಂಚೆ "ಹುಷಾರ್!" ಅಂತ ಕೂಗೋಳು, ಕಾಯಿ ದಬದಬ ಬೀಳೋವು, ಆಮೇಲೆ ಒಣಗಿದ ಗರಿ ಬಿಡಿಸಿ, ಸುಳಿ ಸುತ್ತ ಚೊಕ್ಕಟ ಮಾಡಿ ಇಳಿಯೋಳು. ಕೆಳಗೆ ಅವ್ವ ಕಾಯಿ ಆಯುತ್ತಾ ಇದ್ದರೆ, "ಅವ್ವಾ, ಅರ್ಧ ಪುಟ್ಟಿ ಹೊರು, ತುಂಬಿಸ್ಬ್ಯಾಡ!" ಅಂತ ಆ ಎತ್ತರದಿಂದಲೇ ಗದರೋಳು. ನಿಂಗಕ್ಕನಿಗೆ ತಲೆ ಎತ್ತಿ ಮಗಳನ್ನ ನೋಡೋ ಆಸೆ, ಕತ್ತು ಬಿಡದು. ಬಾವಿಕಟ್ಟೆ ಮೇಲೆ ಅಂಗಾತ ಮಲಗಿ ನೋಡಿದಳು, ನೋಡಿ ಅತ್ತಳು. ಓಬಳೇಶಪ್ಪ ಹೊಸದುರ್ಗದ ಸಂತೆಯಲ್ಲಿ, "ನಮ್ಮ ತೋಟಕ್ಕೆ ಏರೋಪ್ಲೇನ್ ಬಂದೈತೆ ಕಣ್ರಲೇ" ಅಂತ ಕೊಚ್ಚಿಕೊಂಡ.

ಹೊರಗಾಗೋ ವಿಚಾರ ಅಂದೆನಲ್ಲ. ಹಟ್ಟಿಯಲ್ಲಿ ಹುಟ್ಟಿದ ಹುಡುಗಿಗೆ ಅದು ಮುಚ್ಚಿಡೋ ಸಂಗತಿಯೇ ಅಲ್ಲ. ಬೇಲಿಯಾಚೆ ಒಂದು ಕೋಣೆ ಐತೆ. ಆ ದಿನಗಳಲ್ಲಿ ಹೆಣ್ಣುಮಕ್ಕಳು ಹೋಗಿ ಅಲ್ಲಿ ಇರಬೇಕು, ಆಮೇಲೆ ಮಿಂದು ಒಳಗೆ ಬರಬೇಕು. ಯಾರು ಯಾವತ್ತು ಹೊರಗೆ ಅನ್ನೋದು ಹಟ್ಟಿಯ ಹಸುಗೂಸಿಗೂ ಗೊತ್ತು. ಮೋನಿಕಾ ಫೋನಿನಲ್ಲಿ ತಲೆ ತಲೆ ಚಚ್ಚಿಕೊಂಡಳು. "ಯಾಕೇ ಹೇಳ್ತೀಯ ಅವ್ರಿಗೆ? ಜ್ವರ ಅನ್ನು, ಹಲ್ಲುನೋವು ಅನ್ನು. ನಾನು ಯಾವ ದಿನಾನೂ ಬಿಟ್ಟಿಲ್ಲ, ಎಲ್ಲಾ ದಿನಾನೂ ಹತ್ತೀನಿ. ಮರಕ್ಕೇನು ಗೊತ್ತಾಗುತ್ತೆ ಕಣೇ?"

"ನಂಗೆ ಗೊತ್ತಿರುತ್ತಲ್ಲ" ಅಂದಳು ಜಯಶೀಲ.

ಅವಳ ಮನಸ್ಸಿನ ಮೂಲೆಯಲ್ಲೂ ಆ ಹೆದರಿಕೆ ಇತ್ತು, ಸುಳ್ಳು ಯಾಕೆ? ಹುಟ್ಟಿದಾಗಿಂದ ಕೇಳಿದ್ದು ಹಿರಿಯೂರಿನ ಹಾಸ್ಟೆಲಿನಲ್ಲಿ ತೊಳೆದು ಹೋಗುತ್ತಾ? ಅದಕ್ಕೇ ಕೊಯ್ಲಿಗೆ ಬಾ ಅಂತ ಹೇಳಿಕಳಿಸಿದಾಗ ಎರಡು ಸಲ, ತೋಟದ ಬೇಲಿಯಾಚೆಯೇ ನಿಂತು, "ಅಮ್ಮಾರೇ, ಹೊರಗಾಗಿದೀನಿ, ಆಮ್ಯಾಲೆ ಬರ್ತೀನಿ" ಅಂತ ಕೂಗಿ ಹೇಳಿದ್ದಳು. ಉಚ್ಚಂಗಮ್ಮ ಹಿಗ್ಗಿಹೋದಳು. "ಎಂಥಾ ನಿಯತ್ತಿನ ಹುಡುಗಿ ನೋಡ್ರೇ, ಕೂಲಿ ಹೋದ್ರೂ ಸೈ ಅಂತಾಳೆ" ಅಂತ ಕಂಡವರಿಗೆಲ್ಲ ಹೇಳಿದಳು. ಆ ಮಾತಿಗೇ ಅಕ್ಕಪಕ್ಕದ ಎರಡು ತೋಟದವರು, "ಅಂಥಾ ಹುಡುಗಿ ಆದ್ರೆ ನಮ್ಮಲ್ಲಿಗೂ ಬರ್ಲಿ, ಮುಂದಿನ ಕೊಯ್ಲಿಗೆ" ಅಂದರು. ಮೂರು ತೋಟ ಸಿಕ್ಕಿದರೆ ಅವ್ವ ಮನೆಯಲ್ಲಿ ಕೂತು ಉಣ್ಣಬಹುದು. ಜಯಶೀಲ ಪುಟ್ಟಿಯನ್ನ ಎಲ್ಲಿ ಎಸೆಯಬೇಕು ಅಂತಲೂ ಯೋಚನೆ ಮಾಡಿದ್ದಳು. ಪಾಪದ ಹುಡುಗಿ.

ಮೂರನೇ ಕೊಯ್ಲು ಚೆನ್ನಾಗೇ ಆಯಿತು. ಬೆಳಿಗ್ಗೆಯಿಂದ ಸಂಜೆತನಕ ಹತ್ತಿ ಇಳಿದಳು. ಮಾರನೇ ದಿನ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಚಾಪೆ, ಲೋಟ ತಗೊಂಡು ಬೇಲಿಯಾಚೆ ಕೋಣೆಗೆ ಹೋದಳು. ಉಳಿದ ಗರಿ ಕಡಿಯೋಕೆ ಮಗಳು ಯಾಕೆ ಬರಲಿಲ್ಲ ಅಂತ ಉಚ್ಚಂಗಮ್ಮ ಕೇಳಿದ್ದಕ್ಕೆ ನಿಂಗಕ್ಕ ಪುಟ್ಟಿ ಇಳಿಸುತ್ತಾ, "ಇವತ್ತು ಹೊರಗಾದ್ಳು ಅಮ್ಮಾರೇ" ಅಂದಳು. ಅಷ್ಟೇ ಮಾತು.

ಎರಡು ಮೂರು ವಾರ ಆಗಿರಬೇಕು. ಒಂದು ಮಧ್ಯಾಹ್ನ ನಿಂಗಕ್ಕ ಏದುಸಿರು ಬಿಡುತ್ತಾ ಹಟ್ಟಿಗೆ ಓಡಿ ಬಂದಳು. "ಬಾರೇ, ಓಬಳೇಶಪ್ಪ ಕರೀತಾನೆ. ಮರ ರಕ್ತ ಕಾರ್ತೈತಂತೆ."

ತೋಟದ ಮೊದಲ ಸಾಲು ಓಬಳೇಶಪ್ಪನ ಅಪ್ಪ ಕೈಯಾರೆ ನೆಟ್ಟದ್ದು. ಅದರಲ್ಲೊಂದು ಮರದ ಎದೆಮಟ್ಟದಲ್ಲಿ ತೊಗಟೆ ಬಿರಿದು ಕೆಂಪು ಕಂದು ಬಣ್ಣದ್ದು ಏನೋ ಸೋರುತ್ತಿತ್ತು. ಸೋರಿದ್ದು ಬುಡದ ತನಕ ಪಟ್ಟೆ ಪಟ್ಟೆಯಾಗಿ ಒಣಗಿ ಕಪ್ಪಾಗಿತ್ತು. ಜನ ಸೇರಿದ್ದರು. ಜಯಶೀಲಳನ್ನ ಕರೀತೀವಿ ಅಂದಿದ್ದ ಎರಡು ತೋಟದವರೂ ಅಲ್ಲೇ. ಉಚ್ಚಂಗಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ದೂರ ನಿಂತಿದ್ದಳು.

ಜಯಶೀಲ ಮರ ನೋಡಿದಳು, ನೋಡಿ ಜೀವ ಬಂದ ಹಾಗಾಯಿತು. ಇದು ಅವಳಿಗೆ ಗೊತ್ತಿತ್ತು. "ಯಜಮಾನ್ರೇ, ಇದು ರೋಗ. ಕಾಂಡ ಸೋರೋ ರೋಗ ಅಂತ ನಮಗೆ ಫೋಟೋದಾಗೆ ತೋರ್ಸಿದ್ರು. ಕೊಳೆತ ತೊಗಟೆ ಕೆತ್ತಿ ತೆಗ್ದು ಔಷ್ಧಿ ಬಳೀಬೇಕು, ಬುಡಕ್ಕೆ ಬೇವಿನ ಹಿಂಡಿ ಹಾಕ್ಬೇಕು. ಒಂದು ಉಳಿ ಕೊಡ್ರಿ, ನಾನೇ ಕೆತ್ತುತೀನಿ."

"ಮುಟ್ಬ್ಯಾಡ!" ಉಚ್ಚಂಗಮ್ಮ ಕಿರುಚಿದಳು. "ಇನ್ನೂ ಮುಟ್ಟೋಕೆ ಬರ್ತೀಯಾ?"

ಜಯಶೀಲಳಿಗೆ ಮೊದಲು ಅರ್ಥವೇ ಆಗಲಿಲ್ಲ. ಉಚ್ಚಂಗಮ್ಮನೇ ಬಿಡಿಸಿ ಹೇಳಿದಳು. ಮಾರನೇ ದಿನ ಬೆಳಿಗ್ಗೆಯೇ ಹೊರಗೆ ಕೂತಳು ಅಂದರೆ ಹಿಂದಿನ ದಿನ ಮರದ ಮೇಲೇ ಆಗಿತ್ತು, ಕೂಲಿ ಆಸೆಗೆ ಬಾಯಿ ಮುಚ್ಚಿಕೊಂಡು ಸಂಜೆತನಕ ಹತ್ತಿದಳು. ಎರಡು ಸಲ ಹೇಳಿದವಳು ಮೂರನೇ ಸಲ ಮುಚ್ಚಿಟ್ಟಳು. ಅದಕ್ಕೇ ಮರ ಹಿಂಗಾಯಿತು.

"ಇಲ್ಲ ಅಮ್ಮಾರೇ, ನಂಗೆ ಮಾರನೇ ದಿನ ಬೆಳಿಗ್ಗೆನೇ ಆಗಿದ್ದು. ಆಗಿದ್ರೆ ಹೇಳ್ತಿರ್ಲಿಲ್ವಾ? ಯಾವಾಗ್ಲೂ ಹೇಳಿದೀನಲ್ಲ!"

"ಹೇಳಿದ್ದಕ್ಕೇ ಅಲ್ವೇನೇ ನಂಬಿದ್ದು?"

ಹೇಳದೇ ಇದ್ದವಳನ್ನ ಯಾರೂ ಕೇಳುವುದಿಲ್ಲ, ಹೇಳಿದವಳ ಬಾಯಿಂದಲೇ ತಪ್ಪು ಕೀಳುತ್ತಾರೆ. ಸುತ್ತ ನಿಂತವರು ತಲೆ ತಲೆ ಆಡಿಸಿದರು. ಓಬಳೇಶಪ್ಪ ಕೆಟ್ಟವನಲ್ಲ. ಅವನ ಮುಖದಲ್ಲಿ ಇದ್ದದ್ದು ಸಿಟ್ಟೂ ಅಲ್ಲ, ಹೆದರಿಕೆ. ಅಪ್ಪ ನೆಟ್ಟ ಮರ ಕಣ್ಣೆದುರು ಸೋರುತ್ತಿದ್ದರೆ ಯಾರಿಗೂ ಕೈಕಾಲು ಆಡುವುದಿಲ್ಲ.

"ನಮ್ಮ ಸರ್‌ನ ಕೇಳ್ರಿ ಯಜಮಾನ್ರೇ" ಅಂತ ಜಯಶೀಲ ಅಲ್ಲೇ ಫೋನು ಹಚ್ಚಿದಳು. ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಹಾಕಿದಳು. ನಾಗಭೂಷಣ ಸರ್ ಆ ಕಡೆಯಿಂದ ಗಟ್ಟಿಯಾಗೇ ಹೇಳಿದರು. "ಹೌದ್ರೀ, ಅದು ಕಾಂಡ ಸೋರುವ ರೋಗ. ಹುಡುಗಿ ಹೇಳಿದ್ದು ಸರಿ ಐತೆ. ಅದಕ್ಕೂ ಹೆಣ್ಣುಮಕ್ಕಳಿಗೂ ಏನ್ರೀ ಸಂಬಂಧ?"

ಜಯಶೀಲಳಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ನಿಂತವರಲ್ಲೂ ಒಬ್ಬಿಬ್ಬರು, ಇರಬಹುದೇನೋ ಅನ್ನೋ ಹಾಗೆ ಮರದ ಕಡೆ ತಿರುಗಿ ನೋಡಿದರು.

ಓಬಳೇಶಪ್ಪ ಫೋನಿನ ಹತ್ತಿರ ಬಾಯಿ ತಂದ. "ರೋಗ ಅಂತೀರಿ ಸರಿ ಸಾ. ಮತ್ತೆ ಇದುವರ್ಗೂ ಬರ್ದಿದ್ದು ಈಗ್ಯಾಕೆ ಬಂತು? ನಿಮ್ಮ ಮಿಷನ್ ವೈರು ಬಿಗಿಯೋ ಜಾಗ್ದಾಗೇ ಬಿರಿದೈತೆ. ಹಂಗಾರೆ ನಿಮ್ಮ ಮಿಷನ್ನಿಂದಾನೇ ಬಂತು ಅಂತ ಇಟ್ಕಳಾಣ. ನನ್ನ ಮರಕ್ಕೆ ನೀವು ಜವಾಬ್ದಾರಿ ತಗಂತೀರಾ?"

ಆ ಕಡೆಯಿಂದ ನಾಗಭೂಷಣ ಸರ್ ದನಿ ಬಂತು, ಆದರೆ ದನಿಯೇ ಬೇರೆ. "ಅಲ್ಲ ಅಲ್ಲ, ಮಿಷನ್‌ದೇನೂ ದೋಷ ಇಲ್ಲ. ಅದು ಪಾಸಾದ ಮಿಷನ್ನು. ಎಷ್ಟು ಕಡೆ ಕೊಟ್ಟೀವಿ, ಎಲ್ಲೂ ಹಿಂಗಾಗಿಲ್ಲ. ಹತ್ತೋರು ಹೆಂಗೆ ಹತ್ತಿದ್ರೋ ನಾವು ನೋಡಿಲ್ಲ. ನಿಮ್ಮ ಊರಿನ ಆಚಾರ ವಿಚಾರ ನಿಮಗೆ ಬಿಟ್ಟಿದ್ದು, ನಾವು ಅದ್ರಲ್ಲಿ ಬರಲ್ಲ. ಅಮ್ಮಾ ಜಯಶೀಲಾ, ಹಿರಿಯರು ಹೇಳಿದಂಗೆ ಕೇಳಮ್ಮ. ಗಲಾಟೆ ಮಾಡ್ಕೋಬೇಡ." ಫೋನು ಇಟ್ಟುಬಿಟ್ಟರು. ಮಿಷನ್ನು ಉಳಿಯಿತು, ಹುಡುಗಿ ಹೋದಳು. ಥೂ, ಎರಡು ಪೆನ್ನಿನ ಮನುಷ್ಯ.

ಓಬಳೇಶಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನೋಡು ತಾಯಿ, ನಿನ್ನ ಹೊಡ್ಯಲ್ಲ ಬಡ್ಯಲ್ಲ. ತಪ್ಪಾಯ್ತು ಅಂತ ಮರದ ಮುಂದೆ ಒಪ್ಕೊಂಡು ಅಡ್ಡಬಿದ್ದುಬಿಡು. ಹಾಲು ಅರಿಶಿಣ ನಾವು ಹಾಕ್ತೀವಿ. ಅಲ್ಲಿಗೆ ಮುಗೀತು, ನಿಮ್ಮವ್ವ ನಾಳೆಯಿಂದ ಕೆಲ್ಸಕ್ಕೆ ಬರ್ಲಿ. ಇಲ್ಲ ಅಂದ್ರೆ ನೀವಿಬ್ರೂ ಈ ಕಡೆ ಬರ್ಬ್ಯಾಡ್ರಿ. ನಾನು ಬ್ಯಾಡ ಅಂದ ಮ್ಯಾಲೆ ಬ್ಯಾರೆ ಯಾರು ಕರೀತಾರೆ, ನೀನೇ ಯೋಚ್ನೆ ಮಾಡು."

"ಮಾಡದಿದ್ದನ್ನ ಹೆಂಗೆ ಒಪ್ಕಳ್ಳಿ ಯಜಮಾನ್ರೇ?" ಅಂದಳು ಜಯಶೀಲ.

ನಿಂಗಕ್ಕ ಮಗಳನ್ನ ಬಾವಿಕಟ್ಟೆ ಹಿಂದಕ್ಕೆ ಎಳೆದಳು. "ಒಪ್ಕಳೇ" ಅಂದಳು.

"ಅವ್ವಾ! ನಿಂಗೆ ಗೊತ್ತಲ್ಲ!"

"ಗೊತ್ತು. ನಂಗೆ ಗೊತ್ತು ಕಣೇ ನನ್ನ ತಾಯಿ. ಗೊತ್ತಿದ್ದು ಏನ್ಮಾಡಾಣ? ನಿಮ್ಮಪ್ಪ ಕುರಿ ಹಿಂದೆ ಹೋದ್ರೆ ಯಾವಾಗ ಬರ್ತಾನೋ. ಈ ಕತ್ತು ಇಟ್ಕಂಡು ನಾನು ಬ್ಯಾರೆ ಎಲ್ಲಿ ಹೋಗ್ಲಿ? ಹೊಸಬ್ರು ನನ್ನ ನೋಡಿ ಕೆಲ್ಸ ಕೊಡ್ತಾರಾ? ಇಲ್ಲಿ ಹಳಬ್ಳು ಅಂತ ಸಹಿಸ್ಕಂಡವ್ರೆ. ಒಂದು ಮಾತಲ್ವೇನೇ, ಬಾಯಿಮಾತು. ಹೇಳಿಬಿಡು, ನಿನ್ನ ಕಾಲಿಗೆ ಬೀಳ್ತೀನಿ." ಬೀಳೋಕೆ ಬಗ್ಗಿಯೇಬಿಟ್ಟಳು. ಬಗ್ಗೋವಾಗ ಕತ್ತು ಹಿಡಿದುಕೊಂಡು, "ಅಯ್ಯಪ್ಪಾ" ಅಂತ ಅರ್ಧಕ್ಕೇ ನಿಂತಳು.

ಯಾವ ಕತ್ತಿನ ಭಾರ ಇಳಿಸೋಕೆ ಅಂತ ಮರ ಹತ್ತಿದ್ದಳೋ ಅದೇ ಕತ್ತು ಅವಳ ಕಾಲ ಹತ್ತಿರ ಬಗ್ಗಿತ್ತು. ಜಯಶೀಲಳಿಗೆ ಇನ್ನು ತಡೆಯೋಕೆ ಆಗಲಿಲ್ಲ. ಅವ್ವನನ್ನ ಎತ್ತಿ ನಿಲ್ಲಿಸಿದಳು, ದಡದಡ ಮರದ ಹತ್ತಿರ ನಡೆದಳು. ನಿಧಾನ ಮಾಡಿದರೆ ಬಾಯಿಗೆ ಮಾತು ಬರೋದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಕೇಳೋ ಹಾಗೆ ಒಂದೇ ಉಸಿರಿಗೆ ಹೇಳಿದಳು. "ಆವತ್ತು ಮರದ ಮ್ಯಾಲೇ ನಂಗೆ ಆಗಿತ್ತು. ಕೂಲಿ ಆಸೆಗೆ ಹೇಳ್ಲಿಲ್ಲ. ತಪ್ಪಾಯ್ತು." ಅಡ್ಡಬಿದ್ದಳು. ಹಣೆಗೆ ಮಣ್ಣು ಮೆತ್ತಿಕೊಂಡಿತು.

ಎಲ್ಲರ ಉಸಿರು ಸಡಿಲವಾಯಿತು. ಉಚ್ಚಂಗಮ್ಮ ಕಣ್ಣೊರೆಸಿಕೊಂಡು, "ನಿಜ ಹೇಳಿದ್ಳಲ್ಲ, ಅಷ್ಟು ಸಾಕು, ಒಳ್ಳೇ ಹುಡುಗೀನೇ" ಅಂದಳು. ಓಬಳೇಶಪ್ಪ ಎರಡು ಕಾಯಿ ತಂದು ನಿಂಗಕ್ಕನ ಮಡಿಲಿಗೆ ಹಾಕಿದ. ಪಕ್ಕದ ತೋಟದವನೊಬ್ಬ ಮೊಬೈಲು ಹಿಡಿದು ನಿಂತದ್ದನ್ನ ಜಯಶೀಲ ಎದ್ದ ಮೇಲೆ ನೋಡಿದಳು.

ಆ ವಿಡಿಯೋ ಹೊಸದುರ್ಗ ದಾಟೋಕೆ ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಹೊಳಲ್ಕೆರೆಗೆ ಹೋಯಿತು, ಮಾರನೇ ದಿನ ಹಿರಿಯೂರು ಮುಟ್ಟಿತು. ಮೋನಿಕಾ ಫೋನು ಮಾಡಿದಳು. ಬೈತಾಳೆ ಅಂತ ಜಯಶೀಲ ಕಾದಳು. ಮೋನಿಕಾ ಬೈಯಲಿಲ್ಲ, ಅದೇ ಕಷ್ಟವಾಯಿತು.

"ನಮ್ಮ ತೋಟದವ್ರು ಬರ್ಬೇಡ ಅಂದ್ರು ಕಣೇ" ಅಂದಳು. "ಇಲ್ಲಿತಂಕ ಒಂದು ದಿನಾನೂ ಕೇಳಿರ್ಲಿಲ್ಲ. ಇವತ್ತು ಕೇಳಿದ್ರು, ನೀನು ಯಾವ ಯಾವ ದಿನ ಹತ್ತಿದ್ದೆ ಹೇಳು ಅಂತ. ನಾನೇನು ಹೇಳ್ಲಿ?"

"ಮೋನೀ, ನಂಗೆ ಆವತ್ತು ಆಗಿರ್ಲಿಲ್ಲ. ನಮ್ಮವ್ವನ ಕೆಲ್ಸ ಹೋಗ್ತಿತ್ತು, ಅದಕ್ಕೆ..."

"ಆಗಿರ್ಲಿಲ್ವಾ?" ಮೋನಿಕಾ ಬಹಳ ಮೆತ್ತಗೆ, "ಆಗದೇನೇ ಹೇಳಿದ್ಯಾ? ನಾನು ಆದ ದಿನಾನೂ ಹತ್ತಿದ್ದೆ, ಒಂದು ಮರಾನೂ ಸೋರ್ಲಿಲ್ಲ. ಅದನ್ನ ಯಾರಿಗೆ ಹೇಳ್ಲಿ ಹೇಳು" ಅಂದಳು. ಆಮೇಲೆ ಅವಳು ಫೋನು ಮಾಡಲಿಲ್ಲ. ಐಮಂಗಲದಿಂದ ಬಸ್ಸು ಹಿಡಿದು ಯಾವುದೋ ಬಟ್ಟೆ ಕಾರ್ಖಾನೆಗೆ ಹೋಗುತ್ತಾಳೆ ಅಂತ ಆಮೇಲೆ ಗೊತ್ತಾಯಿತು. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ವಾಟ್ಸಾಪು ಗುಂಪು ಬಿಟ್ಟರು. ಜಯಶೀಲ ಮಿಷನ್ನನ್ನ ಹಿರಿಯೂರಿನ ಬಸ್ಸಿಗೆ ಹಾಕಿ ಕಳಿಸಿದಳು. ಕೇಂದ್ರದವರು ಈಗ ಹುಡುಗರ ತಂಡ ಮಾಡಿದ್ದಾರಂತೆ, ಬಂದದ್ದು ಮೂರೇ ಜನವಂತೆ.

ಹಾಲು ಅರಿಶಿಣ ಹಾಕಿದ ಮೇಲೂ ಮರ ಸೋರೋದು ನಿಲ್ಲಲಿಲ್ಲ. ಅದೇ ಸಾಲಿನಲ್ಲಿ ಇನ್ನೊಂದು ಮರ ಬಿರಿಯಿತು, ಆಮೇಲೆ ಬಾವಿ ಪಕ್ಕದ್ದು. ಓಬಳೇಶಪ್ಪ ದೂರದ ಊರಿಂದ ಗಂಡಾಳುಗಳನ್ನ ಕರೆಸಿ ಹತ್ತಿಸಿದ. ಅವರು ಹತ್ತಿದ ಮರವೂ ಸೋರಿತು, ಹತ್ತದ್ದೂ ಸೋರಿತು. ಉಳಿ ತಗೊಂಡು ಕೆತ್ತಿದ್ದರೆ, ಔಷಧಿ ಬಳಿದಿದ್ದರೆ ಮೊದಲನೇ ಮರವೂ ಉಳಿಯುತ್ತಿತ್ತೇನೋ. ಯಾರಿಗೂ ಅದು ಹೊಳೆಯಲಿಲ್ಲ, ಹೊಳೆದರೂ ಬಾಯಿ ಬಿಡಲಿಲ್ಲ. "ಮೈಲಿಗೆ ಬೇರು ಹಿಡ್ದೈತೆ" ಅಂದರು. ಹುಡುಗಿಯೇ ಒಪ್ಪಿಕೊಂಡ ಮೇಲೆ ಇನ್ನೇನು ಮಾತು? ತೋಟಕ್ಕೆ ಮೂರು ಹೊತ್ತೂ ಹೋಗಿ ಬರುತ್ತಿದ್ದವಳು ನಿಂಗಕ್ಕ. ಆಳುಗಳ ಬಾಯಲ್ಲಿ, ಉಚ್ಚಂಗಮ್ಮನ ನಿಟ್ಟುಸಿರಿನಲ್ಲಿ, ದಿನಬೆಳಗಾದರೆ ಅದೇ ಮಾತು ಕೇಳೋಳು. ಮೊದಮೊದಲು ಮನೆಗೆ ಬಂದು ಅವರನ್ನೆಲ್ಲ ಉಗಿಯೋಳು. ಆಮೇಲೆ ಉಗಿಯೋದು ಕಮ್ಮಿ ಮಾಡಿದಳು. ಆಮೇಲೆ ತೋಟದ ಸುದ್ದಿಯನ್ನೇ ಎತ್ತಲಿಲ್ಲ. ಅವ್ವ ದಣಿದಿದಾಳೆ ಅಂದುಕೊಂಡಳು ಜಯಶೀಲ.

ಒಂದು ಸಂಜೆ ಹೊಸ್ತಿಲಾಚೆ ಅವ್ವನನ್ನ ಕೂರಿಸಿಕೊಂಡು, ಹರಳೆಣ್ಣೆ ಬಿಸಿ ಮಾಡಿ ಕತ್ತಿಗೆ ಉಜ್ಜುತ್ತಿದ್ದಳು. ಆ ದಿನ ನಾಲ್ಕನೇ ಮರ ಬಿರಿದಿತ್ತು. ನಿಂಗಕ್ಕ ಬೀದಿ ಕಡೆ ಮುಖ ಮಾಡಿ ಕೂತಿದ್ದಳು.

"ಜಯಾ."

"ಹೂಂ ಅವ್ವ."

"ಆವತ್ತು ಮರದ ಮ್ಯಾಲೆ... ನಿಂಗೆ ಆಗಿರ್ಲಿಲ್ಲ ತಾನೆ?"

ಜಯಶೀಲಳ ಕೈ ನಿಂತಿತು. "ಏನವ್ವ ಹಿಂಗೆ ಕೇಳ್ತೀಯ? ಹೇಳು ಹೇಳು ಅಂತ ಕಾಲಿಗೆ ಬಿದ್ದೋಳು ನೀನಲ್ವಾ?"

"ನಾನೇ. ಇಲ್ಲ ಅಂದ್ನಾ?" ನಿಂಗಕ್ಕ ಬೀದಿ ಕಡೆ ನೋಡುತ್ತಲೇ ಅಂದಳು. "ಆದ್ರೆ ಇಲ್ಲದ್ದು ಅಷ್ಟು ಸಲೀಸಾಗಿ ನಿನ್ನ ಬಾಯಿಗೆ ಹೆಂಗೆ ಬಂತು ಅಂತ ಕೇಳ್ದೆ."

ಜಯಶೀಲಳಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಊರೆಲ್ಲ ನಂಬಿದಾಗ ತಡಕೊಂಡಿದ್ದಳು, ಮೋನಿಕಾ ದೂರವಾದಾಗ ತಡಕೊಂಡಿದ್ದಳು, ಅವ್ವನಿಗೆ ಗೊತ್ತಲ್ಲ ಅನ್ನೋ ಒಂದೇ ಧೈರ್ಯದ ಮೇಲೆ.

"ಆಗಿರ್ಲಿಲ್ಲ ಅವ್ವ" ಅಂದಳು.

"ಆಯ್ತು ಬಿಡು. ಸಾಕು ಉಜ್ಜಿದ್ದು." ನಿಂಗಕ್ಕ ಸೆರಗು ಕತ್ತಿಗೆ ಎಳೆದುಕೊಂಡು ಎದ್ದಳು. ಕೈಕಾಲು ತೊಳೆದಳು. ಇನ್ನೊಂದು ಚೊಂಬು ನೀರು ತಗೊಂಡು ಕತ್ತನ್ನೂ ತೊಳೆದಳು. ಒಳಗೆ ಹೋಗಿ ದೇವರ ಮುಂದೆ ತಾನೇ ದೀಪ ಹಚ್ಚಿದಳು. ದಿನಾ ಆ ದೀಪ ಹಚ್ಚುತ್ತಿದ್ದವಳು ಜಯಶೀಲ. ಎಣ್ಣೆಗೈ ಹಂಗೇ ಇಟ್ಟುಕೊಂಡು ಅವಳು ಹೊಸ್ತಿಲಾಚೆ ಕೂತೇ ಇದ್ದಳು. ಒಳಗೆ ಬಾ ಅಂತ ಅವ್ವ ಕರೆಯಲಿಲ್ಲ.